ಪಾದ ಇಳಿಬಿಟ್ಟರೆ ನೇರಳೆ ಬಣ್ಣ, ‘ಅರ್ಧ ಭಾರ’ ಎಂದರೆ ಎಷ್ಟು?

ತೋಟದಮನೆ:
ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ಆಷಾಢದ ಮಳೆಯಲ್ಲಿ ಪಾಚಿ ಹಿಡಿದ ಸಂಕದ (ಕಾಲುಸೇತುವೆ) ಮೇಲೆ ಜಾರಿಬಿದ್ದೆ. ಬಲಪಾದದ ಗಂಟಿನ ಎರಡೂ ಬದಿಯ ಮೂಳೆ ಮುರಿದು ಪ್ಲೇಟ್, ಸ್ಕ್ರೂ ಹಾಕಿದ್ದಾರೆ. ಏಳು ವಾರವಾಯಿತು. ಮೊನ್ನೆ ಎಕ್ಸ್‌ರೇ ನೋಡಿದ ವೈದ್ಯರು, ವಾಕರ್ ಹಿಡಿದು ಅರ್ಧ ಭಾರ ಹಾಕಿ ಎಂದರು. ಅರ್ಧವೆಂದು ನನಗೆ ಗೊತ್ತಾಗುವುದು ಹೇಗೆ? ಮಂಚದಿಂದ ಕಾಲಿಳಿಸಿದ ಕೂಡಲೇ ಪಾದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅತ್ತೆ ಬಿಸಿ ಎಣ್ಣೆ ಹಚ್ಚಿ ಮೀನಖಂಡ ತಿಕ್ಕೋಣ ಎನ್ನುತ್ತಾರೆ. ನಮ್ಮಲ್ಲಿರುವುದು ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯ. ಅಡಿಕೆ ಗೊನೆ ಕೊಯ್ಲು ಬೇರೆ ಹತ್ತಿರ ಬರುತ್ತಿದೆ. ರಾತ್ರಿ ನಿದ್ದೆಯಿಲ್ಲ.

ಹಳೇ ನಿರ್ವಾಹಕ:
ಹೋದ ವರ್ಷ ನನಗೂ ಇದೇ ಆಗಿತ್ತು. ತೂಕದ ಯಂತ್ರದ ಮೇಲೆ ಆ ಪಾದವನ್ನೂ, ಅಷ್ಟೇ ಎತ್ತರದ ಹಲಗೆಯ ಮೇಲೆ ಇನ್ನೊಂದನ್ನೂ ಇಟ್ಟು, ವಾಕರ್ ಹಿಡಿದು ನಿಧಾನವಾಗಿ ಒತ್ತಿ. ನಿಮ್ಮ ತೂಕದ ಅರ್ಧಕ್ಕೆ ಮುಳ್ಳು ಬಂದಾಗ ಕಾಲಿಗೆ ಹೇಗನ್ನಿಸುತ್ತದೋ ಅದನ್ನು ನೆನಪಿಟ್ಟುಕೊಳ್ಳಿ. ನನಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಗಿತ್ತು. ಬಸ್ಸಿನ ಕೆಲಸಕ್ಕೆ ಮರಳಿದ್ದು ಐದು ತಿಂಗಳಿಗೆ. ಸಂಜೆಯ ಊತ ಹನ್ನೊಂದು ತಿಂಗಳು ಇತ್ತು.

ಫಿಸಿಯೋ, ಶಿವಮೊಗ್ಗ:
ವಾರಗಟ್ಟಲೆ ಕೆಲಸವಿಲ್ಲದ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುವುದಿಲ್ಲ, ಅದು ಪಾದದಲ್ಲೇ ನಿಲ್ಲುತ್ತದೆ. ಮಲಗಿ ಕಾಲನ್ನು ಎದೆಮಟ್ಟಕ್ಕಿಂತ ಮೇಲಿಟ್ಟಾಗ ಬಣ್ಣ ತಿಳಿಯಾದರೆ ಸಾಮಾನ್ಯವಾಗಿ ಗಾಬರಿ ಬೇಡ. ಆದರೆ ಮೀನಖಂಡವೇ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ತಿಕ್ಕುವುದು ಖಂಡಿತ ಬೇಡ, ಅತ್ತೆಯವರಿಗೆ ನಾನು ಹೇಳಿದೆನೆಂದೇ ತಿಳಿಸಿ.

ವೈದ್ಯರು ಗಂಟು ಆಡಿಸಲು ಒಪ್ಪಿದ್ದರೆ ಕಾಲು ಚಾಚಿ ಕುಳಿತು, ಪಾದದ ಮುಂಭಾಗಕ್ಕೆ ಟವೆಲ್ ಹಾಕಿ ನಿಮ್ಮತ್ತ ಎಳೆದು ಮೂವತ್ತು ಸೆಕೆಂಡು ಹಿಡಿಯಿರಿ. ಕುಕ್ಕರುಗಾಲಿನಲ್ಲಿ ಕೂರಲು ಬೇಕಾದ ಬಾಗು ಹೀಗೇ ಮರಳಬೇಕು. ಪೂರ್ತಿ ಭಾರಕ್ಕೆ ಅನುಮತಿ ಸಿಗುವ ತನಕ ಕಮೋಡ್ ಕುರ್ಚಿಯನ್ನೇ ಬಳಸಿ. ಈ ಕೊಯ್ಲಿಗೆ ಜಾರುವ ತೋಟಕ್ಕೆ ಇಳಿಯಬೇಡಿ, ಅಂಗಳದಲ್ಲಿ ಕುಳಿತು ಮಾಡುವ ಕೆಲಸ ಸಾಕು.

ತೋಟದಮನೆ:
ಮಲಗಿದರೆ ಬಣ್ಣ ತಿಳಿಯಾಗುತ್ತದೆ, ಮೀನಖಂಡದಲ್ಲಿ ನೋವಿಲ್ಲ. ಅಡಿಕೆ ಚೀಲ ತೂಗುವ ಯಂತ್ರವನ್ನು ಜಗಲಿಗೆ ತರಿಸಿದೆ. ನನ್ನ ತೂಕ 52 ಕಿಲೋ. ಸಾಕಷ್ಟು ಒತ್ತಿದೆನೆಂದುಕೊಂಡು ನೋಡಿದರೆ ಬರೀ ಒಂಬತ್ತು ಕಿಲೋ ಇತ್ತು. ಅತ್ತೆ ಪಕ್ಕದಲ್ಲಿ ನಿಂತು ಅಂಕಿ ಓದುತ್ತ ಹೋದರು. ನಾಲ್ಕನೆಯ ಸಲಕ್ಕೆ ಇಪ್ಪತ್ತಾರು ಮುಟ್ಟಿತು.