ರಾತ್ರಿ ವಿಮಾನಕ್ಕೆ ಪಾಯಿಂಟ್ಸ್ ಹಾಕೋದಾದರೆ ಫಸ್ಟ್ ಕ್ಲಾಸಾ, ಬಿಸಿನೆಸ್ಸಾ?

ಪ್ರಶ್ನೆ (ಚಿಕ್ಕಮಗಳೂರು, ಕಾಫಿ ತೋಟದವರು):
ನಮಸ್ಕಾರ ಸಾರ್. ಮಗಳು ಅಳಿಯ ನ್ಯೂಜೆರ್ಸಿಯಲ್ಲಿದ್ದಾರೆ. ಕೊಯ್ಲು ಮುಗಿಸಿ, ಹೂಮಳೆ ನೋಡಿಕೊಂಡು, ಮಳೆಗಾಲ ಹಿಡಿಯೋ ಮುಂಚೆ ನಾವಿಬ್ಬರೂ ಹೋಗಿಬರೋಣ ಅಂತಿದ್ದೀವಿ. ಮದುವೆ ಖರ್ಚು, ಮನೆ ಖರ್ಚು ಎಲ್ಲಾ ಕಾರ್ಡಿನಲ್ಲೇ ಮಾಡಿ ಪಾಯಿಂಟ್ಸ್ ಚೆನ್ನಾಗಿ ಸೇರಿದೆ. ಅಳಿಯ "ಮಾವ, ಫಸ್ಟ್ ಕ್ಲಾಸಲ್ಲೇ ಬನ್ನಿ, ಇನ್ಯಾವಾಗ ಹೋಗ್ತೀರಿ" ಅಂತಾನೆ. ಮನೆಯವಳು ಕಾಲು ಚಾಚಿ ಮಲಗೋಕೆ ಜಾಗ ಇದ್ದರೆ ಸಾಕು ಅಂತಾಳೆ. ಇಬ್ಬರೂ ಸಸ್ಯಾಹಾರಿಗಳು. ಯಾವುದು ತಗೊಳ್ಳೋದು?

ಉತ್ತರ (ಹಾಸನ, ಬಿ.ಎಂ. ರಸ್ತೆಯಲ್ಲಿ ಟಿಕೆಟ್ ಕೆಲಸ ಮಾಡುವವನು):
ಸಾರ್, ಹೋಗುವಾಗ ಬಿಸಿನೆಸ್. ಯೋಚನೆಯೇ ಬೇಡ.

ನಿಮ್ಮ ಆ ದಿನ ಹೇಗಿರುತ್ತೆ ನೋಡಿ. ಬೇಲೂರು, ಹಾಸನ, ಚನ್ನರಾಯಪಟ್ಟಣ, ನೆಲಮಂಗಲ, ಅಲ್ಲಿಂದ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ, ದಾರಿಯಲ್ಲಿ ಒಂದು ಕಾಫಿಗೆ ನಿಂತರೂ ಐದಾರು ಗಂಟೆ ಕಾರು. ಆಮೇಲೆ ಬ್ಯಾಗು, ಇಮಿಗ್ರೇಷನ್, ಕಾಯೋದು. ಯುರೋಪ್ ಕಡೆ, ಗಲ್ಫ್ ಕಡೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿ ದಾಟಿದ ಮೇಲೆ, ಬೆಳಗಿನ ಜಾವಕ್ಕೆ ಹೊರಡುತ್ತವೆ. ಆ ಹೊತ್ತಿನಲ್ಲಿ ನಿಮಗೆ ಬೇಕಾಗಿರೋದು ನಿದ್ದೆ ಒಂದೇ. ಫಸ್ಟ್ ಕ್ಲಾಸಿನವರು ಜಾಸ್ತಿ ಕೊಡೋದು ಏನು? ದೊಡ್ಡ ಸೀಟು, ಸರಿ. ಮಿಕ್ಕಿದ್ದು ಶಾಂಪೇನು, ಒಂದಾದ ಮೇಲೊಂದು ಬರುವ ಊಟ, ಕ್ಯಾವಿಯರ್. ಕ್ಯಾವಿಯರ್ ಅಂದರೆ ಮೀನಿನ ಮೊಟ್ಟೆ ಸಾರ್, ನಿಮಗೆ ಅದರಿಂದ ಏನು ಲಾಭ? ನಿದ್ದೆ ಮಾಡೋರಿಗೆ ಮದುವೆ ಊಟ ಬಡಿಸಿದ ಹಾಗೆ ಅದು.

ನೆಲದ ಮೇಲಿನ ಸೌಕರ್ಯವೂ ಅಷ್ಟೇ. ಫಸ್ಟ್ ಕ್ಲಾಸಿನ ಅರ್ಧ ಮಜಾ ಕಂಪನಿಯ ಸ್ವಂತ ಊರಿನ ಲೌಂಜಿನಲ್ಲಿ, ಅಂದರೆ ವಿಮಾನಕ್ಕೆ ಕಾಯೋ ವಿಶೇಷ ಕೋಣೆಯಲ್ಲಿರುತ್ತೆ. ಬೆಂಗಳೂರಿನಲ್ಲಿ ಹೆಚ್ಚಿನ ವಿದೇಶಿ ಕಂಪನಿಗಳಿಗೆ ಸ್ವಂತ ಲೌಂಜೇ ಇಲ್ಲ.

ಇನ್ನು ಲೆಕ್ಕ. ಬಿಸಿನೆಸ್‌ಗಿಂತ ಫಸ್ಟ್‌ಗೆ ಮೈಲ್ಸ್ (ಬ್ಯಾಂಕಿನ ಪಾಯಿಂಟ್ಸನ್ನು ವಿಮಾನ ಕಂಪನಿಗೆ ವರ್ಗಾಯಿಸಿದರೆ ಸಿಗೋದು) ಸುಮಾರು ಒಂದೂವರೆ ಪಟ್ಟು ಬೀಳುತ್ತೆ, ಕೆಲವು ಕಡೆ ಇನ್ನೂ ಜಾಸ್ತಿ. ಹೋಗುವಾಗ ಇಬ್ಬರೂ ಫಸ್ಟ್‌ನಲ್ಲಿ ಹೋದರೆ ಬರುವಾಗ ಒಬ್ಬರ ಟಿಕೆಟಿಗೆ ಪಾಯಿಂಟ್ಸ್ ಸಾಲದೇ ಹೋಗಬಹುದು. ಸಾಲುತ್ತೆ ಅಂದುಕೊಂಡರೂ ಸೀಟು ಸಿಗಬೇಕಲ್ಲ? ಜರ್ಮನಿಯ ಲುಫ್ತಾನ್ಸಾ ಕಂಪನಿಯ 747-8 ವಿಮಾನದಲ್ಲಿ ಫಸ್ಟ್ ಸೀಟು 8, ಬಿಸಿನೆಸ್ 80. ಎಮಿರೇಟ್ಸ್‌ನ ಮೂರು ಕ್ಲಾಸಿನ ಎ380ರಲ್ಲಿ ಫಸ್ಟ್ 14, ಬಿಸಿನೆಸ್ 76. ಆ ಎಂಟು ಹದಿನಾಲ್ಕರಲ್ಲಿ ಪಾಯಿಂಟ್ಸ್‌ಗೆ ಅಂತ ಬಿಡೋದು ಒಂದೋ ಎರಡೋ. ಗಂಡ ಒಂದು ವಿಮಾನ, ಹೆಂಡತಿ ಇನ್ನೊಂದು ವಿಮಾನ ಆಗುತ್ತೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಎರಡು ವಿಮಾನ ಬದಲಿಸುವ ದಾರಿಯಲ್ಲಿ ಒಂದರಲ್ಲಿ ಮಾತ್ರ ಫಸ್ಟ್ ಇದ್ದು ಇನ್ನೊಂದರಲ್ಲಿ ಬಿಸಿನೆಸ್ಸೇ ಕೊನೆ ಅಂತಿದ್ದರೆ, ಸಾಮಾನ್ಯವಾಗಿ ಪೂರ್ತಿ ದಾರಿಗೂ ಫಸ್ಟ್‌ನ ಮೈಲ್ಸೇ ಕಟ್ ಆಗುತ್ತೆ. ಸಿಂಗಾಪುರ್ ಏರ್‌ಲೈನ್ಸ್ ನೋಡಿ. ಅವರ ಎ380, 777-300ಇಆರ್ ಬಿಟ್ಟರೆ ಎ350, 787ರಲ್ಲಿ ಫಸ್ಟ್ ಅನ್ನೋದೇ ಇಲ್ಲ.

ಮರುಪ್ರಶ್ನೆ (ಅದೇ ತೋಟದವರು):
ಸರಿ ಸಾರ್, ಮನೆಯವಳು ಗೆದ್ದಳು. ಹಾಗಾದ್ರೆ ಯಾವ ಕಂಪನಿ ಆದರೂ ಬಿಸಿನೆಸ್ ಬಿಸಿನೆಸ್ಸೇ ಅಲ್ವಾ?

ಉತ್ತರ:
ಅಲ್ಲ! ಇಲ್ಲೇ ಜನ ಎಡವೋದು. ಒಳ್ಳೆ ಬಿಸಿನೆಸ್ಸಿಗೂ ಫಸ್ಟಿಗೂ ಇರೋ ವ್ಯತ್ಯಾಸಕ್ಕಿಂತ, ಒಳ್ಳೆ ಬಿಸಿನೆಸ್ಸಿಗೂ ಹಳೇ ಬಿಸಿನೆಸ್ಸಿಗೂ ಇರೋ ವ್ಯತ್ಯಾಸ ದೊಡ್ಡದು. ಕ್ಲಾಸ್ ಆರಿಸೋ ಮುಂಚೆ ವಿಮಾನ ಆರಿಸಿ.

ಸೀಟ್ ಮ್ಯಾಪ್ ತೆಗೆದು ಅಡ್ಡಸಾಲು ನೋಡಿ. 1-2-1 ಅಂತಿದ್ದರೆ, ಅಂದರೆ ಎರಡೂ ಕಿಟಕಿ ಕಡೆ ಒಂದೊಂದು, ಮಧ್ಯ ಎರಡು ಸೀಟು, ಪ್ರತಿ ಸೀಟಿಗೂ ನೇರ ದಾರಿ, ಯಾರ ಕಾಲನ್ನೂ ದಾಟಬೇಕಿಲ್ಲ. ಎಮಿರೇಟ್ಸ್‌ನ ಎ380ರಲ್ಲಿ ಹೀಗಿದೆ. ಆದರೆ ಅದೇ ಕಂಪನಿಯ ಹಳೇ 777ಗಳಲ್ಲಿ 2-3-2, ಅಂದರೆ ಬಿಸಿನೆಸ್ಸಿನಲ್ಲೂ ಮಧ್ಯದ ಸೀಟು ಅಂತ ಒಂದಿದೆ. ಅವನ್ನ ಈಗ ಹೊಸದು ಮಾಡ್ತಿದ್ದಾರೆ, ನಿಮ್ಮ ದಿನದ ವಿಮಾನ ಯಾವುದು ಅನ್ನೋದು ಅದೃಷ್ಟ. ಲುಫ್ತಾನ್ಸಾದ ಹಳೇ ಬಿಸಿನೆಸ್ 2-2-2. ಕಿಟಕಿ ಪಕ್ಕ ಮಲಗಿದವರು ರಾತ್ರಿ ಬಾತ್‌ರೂಮಿಗೆ ಏಳಬೇಕಂದರೆ ಪಕ್ಕದವರನ್ನು ದಾಟಬೇಕು. ಕತಾರ್‌ನ ಕ್ಯೂಸೂಟ್ 2017ರಿಂದಲೇ ಬಾಗಿಲು ಹಾಕಿಕೊಳ್ಳೋ ಬಿಸಿನೆಸ್ ಸೀಟು, ಮಧ್ಯದ ಎರಡು ಸೇರಿಸಿದರೆ ಜೋಡಿ ಹಾಸಿಗೆಯೂ ಆಗುತ್ತೆ. ಆದರೆ ಅದೂ ಅವರ ಎಲ್ಲಾ ವಿಮಾನದಲ್ಲಿಲ್ಲ.

ಆಮೇಲೆ ಕಾಲು. 1-2-1 ಸೀಟುಗಳಲ್ಲಿ ನಿಮ್ಮ ಪಾದ ಮುಂದಿನವರ ಸೀಟಿನ ಪಕ್ಕದ ಒಂದು ಗೂಡಿನೊಳಗೆ ಹೋಗುತ್ತೆ. ಕೆಲವು ಗೂಡು ಎಷ್ಟು ಕಿರಿದು ಅಂದರೆ ಅಂಗಾತ ಮಲಗಿದರೆ ಸರಿ, ಮಗ್ಗುಲಾದರೆ ಮಂಡಿ ಮೇಲಿನ ಹಲಗೆಗೆ ತಾಗುತ್ತೆ, ಎರಡು ಪಾದ ಒಂದರ ಮೇಲೊಂದು ಸಿಕ್ಕಿಕೊಳ್ಳುತ್ತೆ. ಇದಕ್ಕೆ ಉಪಾಯ ಏನಂದರೆ ಕ್ಯಾಬಿನ್ನಿನ ಮೊದಲ ಸಾಲು. ಅಲ್ಲಿ ಮುಂದೆ ಸೀಟಿಲ್ಲ, ಗೋಡೆ, ಹಾಗಾಗಿ ಗೂಡು ಎಷ್ಟೋ ವಿಮಾನಗಳಲ್ಲಿ ಅಗಲವಾಗಿರುತ್ತೆ. ಅಡುಗೆ ಕಟ್ಟೆ ಹತ್ತಿರ ಇದ್ದರೆ ಸದ್ದು ಬರುತ್ತೆ, ಅದೊಂದು ನೋಡಿಕೊಳ್ಳಿ.

ಎ350, 787 ಸಿಕ್ಕರೆ ಒಳ್ಳೆಯದು. ಹಳೇ ವಿಮಾನದೊಳಗಿನ ಗಾಳಿ ಸುಮಾರು 8,000 ಅಡಿ ಬೆಟ್ಟದ ಮೇಲಿರುವಷ್ಟು ತೆಳುವಾಗಬಹುದು. ಈ ಎರಡರಲ್ಲಿ 6,000 ಅಡಿಯಷ್ಟೇ, ಅಂದರೆ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಸ್ವಲ್ಪ ಕೆಳಗೆ. ಗಂಟಲು ಒಣಗೋದೂ ಕಡಿಮೆ.

ಹತ್ತಿದ ತಕ್ಷಣ ಗಗನಸಖಿಗೆ ಹೇಳಿಬಿಡಿ, ಊಟ ಬೇಡ, ತಿಂಡಿಗೂ ಎಬ್ಬಿಸಬೇಡಿ ಅಂತ. ಇಲ್ಲದಿದ್ದರೆ ಇಳಿಯೋಕೆ ಎರಡು ಗಂಟೆ ಇರುವಾಗಲೇ ಲೈಟು ಹಾಕಿ ಟ್ರೇ ತರ್ತಾರೆ.

ಪ್ರಶ್ನೆ (ಸಕಲೇಶಪುರದ ಹುಡುಗ):
ಅಣ್ಣಾ, ಪಾಯಿಂಟ್ಸ್ ಸುಮ್ನೆ ಬಂದಿದ್ದು ತಾನೆ? ವಿಮಾನದಲ್ಲಿ ಸ್ನಾನ ಮಾಡೋ ಚಾನ್ಸ್ ಯಾಕೆ ಬಿಡಬೇಕು!

ಉತ್ತರ:
ಸುಮ್ನೆ ಬಂದಿದ್ದಲ್ಲ ಮಾರಾಯ, ಅದೇ ಪಾಯಿಂಟ್ಸ್‌ನಲ್ಲಿ ಅವರು ಮುಂದಿನ ವರ್ಷ ಮೊಮ್ಮಗು ನೋಡೋಕೆ ಇನ್ನೊಂದ್ಸಲ ಹೋಗಬಹುದು. ಎಮಿರೇಟ್ಸ್ ಎ380ರ ಫಸ್ಟ್‌ನಲ್ಲಿ ಎರಡು ಶವರ್ ಇವೆ, ನಿಜ. ಒಬ್ಬರಿಗೆ ನೀರು ಬರೋದು 5 ನಿಮಿಷ. ಖುಷಿ ಕೊಡುತ್ತೆ, ಇಲ್ಲ ಅನ್ನಲ್ಲ. ಆದರೆ 2025ರಿಂದ ಅವರ ಮೈಲ್ಸ್ ಯೋಜನೆ ಸ್ಕೈವಾರ್ಡ್ಸ್‌ನಲ್ಲಿ ಸಿಲ್ವರ್ ಅಥವಾ ಅದಕ್ಕಿಂತ ಮೇಲಿನ ದರ್ಜೆ ಇದ್ದವರಿಗೆ ಮಾತ್ರ ಮೈಲ್ಸ್‌ನಲ್ಲಿ ಫಸ್ಟ್ ಕೊಡ್ತಿದ್ದಾರೆ. ನಿನಗೆ ಆ ದರ್ಜೆ ಇದ್ದು, ದುಬೈನಿಂದ ನ್ಯೂಯಾರ್ಕಿಗೆ ಹದಿನಾಲ್ಕು ಗಂಟೆಯ ವಿಮಾನ ಸಿಕ್ಕರೆ ಹೋಗು. ಮಲಗಿ ಎದ್ದಮೇಲೂ ಹೊತ್ತು ಮಿಕ್ಕಿರುತ್ತೆ. ಬೆಂಗಳೂರು–ದುಬೈ ನಾಲ್ಕು ಗಂಟೆಗೆ ಫಸ್ಟ್ ತಗೊಂಡರೆ ಮಾತ್ರ ನಾನು ಬೈತೀನಿ.

ಪ್ರಶ್ನೆ (ತೋಟದವರು ಮತ್ತೆ):
ಬರುವಾಗ ಏನು ಮಾಡೋಣ? ಅಳಿಯನ ಆಸೆಗಾದರೂ ಒಂದು ಕಡೆ ಫಸ್ಟ್ ನೋಡಬಹುದಾ?

ಉತ್ತರ:
ನೋಡಬಹುದು, ಆದರೆ ಹಗಲು ವಿಮಾನಕ್ಕೆ. ಫ್ರಾಂಕ್‌ಫರ್ಟ್ ಮೇಲೆ ಬಂದರೆ ನ್ಯೂಯಾರ್ಕಿನಿಂದ ಅಲ್ಲಿಗೆ ರಾತ್ರಿ ಏಳು ಗಂಟೆ ಆಸುಪಾಸು. ಅದರಲ್ಲಿ ಊಟ, ತಿಂಡಿ ಕಳೆದರೆ ನಿದ್ದೆ ನಾಲ್ಕು ಗಂಟೆ. ಅದಕ್ಕೆ ಫಸ್ಟ್ ದಂಡ. ಅಲ್ಲಿಂದ ಮಧ್ಯಾಹ್ನ ಹೊರಟು ಬೆಂಗಳೂರಿಗೆ ನಡುರಾತ್ರಿ ಮೇಲೆ ಇಳಿಯೋ ವಿಮಾನದಲ್ಲಿ ನೀವು ಪೂರ್ತಿ ಎಚ್ಚರ ಇರ್ತೀರಿ. ಊಟ, ಉಪಚಾರ ಎಲ್ಲ ಅನುಭವಿಸಬೇಕಾದ್ದು ಅಲ್ಲಿ.

ಎರಡು ಎಚ್ಚರಿಕೆ. ಲುಫ್ತಾನ್ಸಾ ತನ್ನ ಫಸ್ಟ್ ಸೀಟನ್ನು ಬೇರೆ ಕಂಪನಿಗಳ ಮೈಲ್ಸ್‌ನವರಿಗೆ ಬಿಡೋದು ಹೆಚ್ಚಾಗಿ ಹೊರಡುವ ದಿನ ಹತ್ತಿರ ಬಂದ ಮೇಲೆ. ಈಗ ಬಿಸಿನೆಸ್ ಹಿಡಿದಿಟ್ಟುಕೊಂಡು ಕಾಯಬೇಕು, ಬದಲಾವಣೆಗೆ ಎಷ್ಟು ಕಟ್ಟಬೇಕು ಅಂತ ಮೊದಲೇ ಕೇಳಿರಬೇಕು. ಇನ್ನೊಂದು, ಅಳಿಯ ಫ್ರಾಂಕ್‌ಫರ್ಟಿನ ಫಸ್ಟ್ ಕ್ಲಾಸ್ ಟರ್ಮಿನಲ್ ವಿಡಿಯೋ ತೋರಿಸಿರ್ತಾರೆ. ಅದು ಇಮಿಗ್ರೇಷನ್ ಆಚೆಗಿನ ಬೇರೆ ಕಟ್ಟಡ. ಷೆಂಗೆನ್ ವೀಸಾ (ಯುರೋಪಿನ ಎಷ್ಟೋ ದೇಶಗಳಿಗೆ ಒಂದೇ ವೀಸಾ) ಇಲ್ಲದೆ ಬರೀ ವಿಮಾನ ಬದಲಿಸೋರಿಗೆ ಅದು ಸಿಗಲ್ಲ, ಒಳಗಿನ ಫಸ್ಟ್ ಕ್ಲಾಸ್ ಲೌಂಜೇ ಗತಿ. ಅದೇನು ಕೆಟ್ಟದಲ್ಲ.

ಪ್ರಶ್ನೆ (ಹಾಸನದ ಒಬ್ಬ ಗೃಹಿಣಿ):
ಅಮ್ಮನಿಗೆ ಮಂಡಿ ನೋವು, ನಡೆಯೋಕಾಗಲ್ಲ. ವೀಲ್‌ಚೇರ್ ಬೇಕಂದ್ರೆ ಫಸ್ಟ್ ಕ್ಲಾಸೇ ತಗೋಬೇಕಾ? ಅವರು ಈರುಳ್ಳಿ ಬೆಳ್ಳುಳ್ಳಿನೂ ತಿನ್ನಲ್ಲ.

ಉತ್ತರ:
ಇಲ್ಲ ಮೇಡಂ, ಅದಕ್ಕೂ ಕ್ಲಾಸಿಗೂ ಸಂಬಂಧ ಇಲ್ಲ. ಅಂಥವರಿಗೆ ಎಕಾನಮಿಯಲ್ಲೂ ವೀಲ್‌ಚೇರ್ ಪುಕ್ಕಟೆ. ಟಿಕೆಟ್ ಮಾಡುವಾಗಲೇ ಹಾಕಿಸಿ, ತಪ್ಪಿದರೆ ಎರಡು ದಿನ ಮುಂಚೆಯಾದರೂ ಹೇಳಿ.

ಊಟದ ವಿಷಯ ತೋಟದವರೂ ಓದಿಕೊಳ್ಳಿ. ಪಟ್ಟಿಯಲ್ಲಿ "ಹಿಂದೂ ಮೀಲ್" ಅಂತ ಇರುತ್ತೆ, ಅದನ್ನ ಒತ್ತಬೇಡಿ. ಅದರಲ್ಲಿ ದನದ ಮಾಂಸ ಇರಲ್ಲ ಅಷ್ಟೇ, ಕೋಳಿ ಕುರಿ ಬರಬಹುದು. ನಮ್ಮ ಕಡೆ ಸಸ್ಯಾಹಾರಕ್ಕೆ "ಏಷಿಯನ್ ವೆಜಿಟೇರಿಯನ್", ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ "ಜೈನ್". ಬಿಸಿನೆಸ್ಸಿನಲ್ಲೂ ಮುಂಚೆಯೇ ಹೇಳಿರಬೇಕು, ಸಾಮಾನ್ಯವಾಗಿ 24 ಗಂಟೆಗೆ ಮೊದಲು.

ತೋಟದವರೇ, ಒಂದು ಮಾತು. ಅವಸರಪಟ್ಟು ಇವತ್ತೇ ಬ್ಯಾಂಕಿನ ಪಾಯಿಂಟ್ಸನ್ನು ಯಾವುದೋ ಕಂಪನಿಗೆ ವರ್ಗಾಯಿಸಬೇಡಿ. ಒಮ್ಮೆ ಕಳಿಸಿದರೆ ವಾಪಸ್ ಬರಲ್ಲ. ಮೊದಲು ಎರಡು ಸೀಟು ಇವೆ ಅಂತ ಕಣ್ಣಾರೆ ನೋಡಿ, ಜೊತೆಗೆ ತೆರಿಗೆ, ಸರ್‌ಚಾರ್ಜ್ ಅಂತ ರೂಪಾಯಿಯಲ್ಲಿ ಎಷ್ಟು ಕೇಳ್ತಾರೆ ನೋಡಿ. ಕೆಲವು ಕಂಪನಿಗಳಲ್ಲಿ ಅದೇ ದೊಡ್ಡ ಮೊತ್ತ. ನಿಮ್ಮ ತಾರೀಖು ಎರಡು ಮೂರು ದಿನ ಆಚೆ ಈಚೆ ಆಗಬಹುದಾ ಅಂತ ಮನೆಯವರನ್ನು ಕೇಳಿ ಇಲ್ಲೇ ಹಾಕಿ, ಮಧ್ಯದ ಜೋಡಿ ಸೀಟು ಯಾವತ್ತು ಖಾಲಿ ಇದೆ ನೋಡಿ ಹೇಳ್ತೀನಿ.