ತೋಟಕ್ಕೆ ಇಳಿಯಲಾಗದ ಸೊಂಟನೋವು: ಸ್ಕ್ರೂ ಹಾಕಿಸಬೇಕೇ?

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಂದೆಯವರಿಗೆ 74 ವರ್ಷ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಸೊಂಟನೋವು ಹಳೆಯದು. ಆದರೆ ಆರು ತಿಂಗಳಿಂದ ಮನೆಯಿಂದ ಅಡಿಕೆ ತೋಟಕ್ಕೆ ಇಳಿಯುವಾಗ ಎರಡೂ ಕಾಲುಗಳು ಭಾರವಾಗಿ, ಜೋಮು ಹಿಡಿದು, ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕುಳಿತುಬಿಡುತ್ತಾರೆ. ಐದು ನಿಮಿಷ ಕುಳಿತರೆ ಸರಿಹೋಗುತ್ತದೆ. ವಿಚಿತ್ರವೆಂದರೆ, ವಾಪಸು ಗುಡ್ಡ ಹತ್ತುವಾಗ ಅಷ್ಟು ತೊಂದರೆಯಿಲ್ಲ. ಸೊಂಟದ ನಾಲ್ಕು ಮತ್ತು ಐದನೆಯ ಮೂಳೆಗಳ ನಡುವೆ ನರದ ದಾರಿ ಕಿರಿದಾಗಿದೆಯೆಂದು ಎಂಆರ್‌ಐ ವರದಿ ಹೇಳುತ್ತದೆ. ಹುಬ್ಬಳ್ಳಿಯಲ್ಲಿ ಒಬ್ಬರು ಸ್ಕ್ರೂ ಹಾಕಿ ಆಪರೇಷನ್ ಮಾಡಿಸಿ ಎಂದರು. ಮಂಗಳೂರಿನಲ್ಲಿ ಇನ್ನೊಬ್ಬರು ಬೆನ್ನಿಗೆ ಇಂಜೆಕ್ಷನ್ ಸಾಕು ಎಂದರು. ಅಡಿಕೆ ಗೊನೆ ಕೊಯ್ಲಿನ ಹೊತ್ತಿಗಾದರೂ ತೋಟಕ್ಕೆ ಇಳಿಯಬೇಕೆಂಬುದು ಅಪ್ಪನ ಹಟ. ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ನಮಸ್ಕಾರ. ವಿಚಿತ್ರವೆಂದು ತಾವು ಬರೆದ ಸಂಗತಿಯೇ ಇಲ್ಲಿ ಎಂಆರ್‌ಐ ವರದಿಗಿಂತ ಹೆಚ್ಚು ತಿಳಿಸುತ್ತದೆ. ಗುಡ್ಡ ಹತ್ತುವಾಗ ಮೈ ಮುಂದಕ್ಕೆ ಬಾಗುವುದರಿಂದ ನರದ ದಾರಿ ತುಸು ಅಗಲವಾಗುತ್ತದೆ. ಇಳಿಯುವಾಗ ಬೆನ್ನು ಹಿಂದಕ್ಕೆ ವಾಲಿ ಅದೇ ದಾರಿ ಇನ್ನಷ್ಟು ಬಿಗಿಯಾಗುತ್ತದೆ. ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆಯುವಾಗ ಕಾಲು ನೋಯುತ್ತದೆ. ಆದರೆ ಅಂಥವರಿಗೆ ಹತ್ತುವಾಗಲೇ ಹೆಚ್ಚು ನೋವು, ಮತ್ತು ಅವರಿಗೆ ಕೂರದೆ ಸುಮ್ಮನೆ ನಿಂತರೂ ಕಡಿಮೆಯಾಗುತ್ತದೆ. ಹಾಗಿದ್ದರೂ ಸಕ್ಕರೆ ಕಾಯಿಲೆ ಇರುವುದರಿಂದ ಪಾದದ ನಾಡಿಯನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ಫಿಲ್ಮ್ ನೋಡಿ ಹೆದರಬೇಡಿ. ಯಾವ ನೋವೂ ಇಲ್ಲದ 80 ವರ್ಷದವರ ಸ್ಕ್ಯಾನ್‌ಗಳಲ್ಲಿಯೂ ಶೇ 96ರಷ್ಟು ಜನರಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಸವೆದಿರುತ್ತದೆಂದು 2015ರ ಒಂದು ಸಮಗ್ರ ವಿಮರ್ಶೆ ತೋರಿಸಿದೆ. ಆದ್ದರಿಂದ ತೀರ್ಮಾನವಾಗಬೇಕಾದದ್ದು ತಂದೆಯವರು ಎಷ್ಟು ದೂರ ನಡೆಯುತ್ತಾರೆ ಎಂಬುದರ ಮೇಲೆ.

ಮೊದಲ ಎರಡು ಮೂರು ತಿಂಗಳು ಫಿಸಿಯೋಥೆರಪಿಗೆ ಕೊಡಿ: ಮಲಗಿ ಮೊಣಕಾಲುಗಳನ್ನು ಎದೆಯತ್ತ ಎಳೆದುಕೊಳ್ಳುವಂಥ, ಬೆನ್ನು ಬಾಗಿಸುವ ವ್ಯಾಯಾಮಗಳು, ಹೊಟ್ಟೆಯ ಸ್ನಾಯುಗಳಿಗೆ ಬಲ, ಇಳಿಜಾರಿನಲ್ಲಿ ಕೈಗೊಂದು ದೊಣ್ಣೆ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ದಿನವೂ ನುಂಗಿಸಬೇಡಿ. ರಕ್ತದೊತ್ತಡದ ಕೆಲವು ಮಾತ್ರೆಗಳೊಂದಿಗೆ ಸೇರಿದರೆ ಅದು ಮೂತ್ರಪಿಂಡವನ್ನು ಕೆಡಿಸಬಹುದು. ನರದ ನೋವಿಗೆ ಕೊಡುವ ಪ್ರಿಗಾಬಲಿನ್ ತಲೆ ತಿರುಗಿಸಬಹುದು, ಮಳೆಗಾಲದ ಹಾವಸೆಯ ಮೇಲೆ ಬಿದ್ದರೆ ಸೊಂಟದ ಕೀಲು ಮುರಿಯಬಹುದು.

ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ನನಗೆ ಹೆಚ್ಚಿನ ಭರವಸೆಯಿಲ್ಲ. 2014ರಲ್ಲಿ ಪ್ರಕಟವಾದ, ನರದ ದಾರಿ ಕಿರಿದಾದ 400 ರೋಗಿಗಳ ಮೇಲಿನ ಅಮೆರಿಕದ ಅಧ್ಯಯನದಲ್ಲಿ, ಮರಗಟ್ಟಿಸುವ ಔಷಧಿಗೆ ಸ್ಟೀರಾಯ್ಡ್ ಬೆರೆಸಿದರೂ ಬೆರೆಸದಿದ್ದರೂ ಆರು ವಾರಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸಾಲದ್ದಕ್ಕೆ ಸ್ಟೀರಾಯ್ಡ್ ಕೆಲವು ದಿನ ಸಕ್ಕರೆಯನ್ನು ಏರಿಸುತ್ತದೆ.

ಫಿಸಿಯೋಥೆರಪಿಯ ಆ ಎರಡು ಮೂರು ತಿಂಗಳಾದ ಮೇಲೂ ತೋಟ ಮುಟ್ಟಲಾಗದಿದ್ದರೆ ಶಸ್ತ್ರಚಿಕಿತ್ಸೆ ಸಮಂಜಸವೇ. 74 ಅದಕ್ಕೆ ಅಡ್ಡಿಯಾಗುವ ವಯಸ್ಸಲ್ಲ. ಆದರೆ ಅದರಿಂದ ಕಾಲಿನ ಭಾರ ಮತ್ತು ಜೋಮು ಇಳಿಯುವಷ್ಟು ಖಚಿತವಾಗಿ ಹಳೆಯ ಸೊಂಟನೋವು ಇಳಿಯುವುದಿಲ್ಲ ಎಂಬುದನ್ನು ತಂದೆಯವರಿಗೆ ಮೊದಲೇ ತಿಳಿಸಿ. ಇನ್ನು ಸ್ಕ್ರೂ ವಿಷಯ, ಅಂದರೆ ಎರಡು ಮೂಳೆಗಳನ್ನು ಸ್ಕ್ರೂನಿಂದ ಬಿಗಿದು ಬೆಸೆಯುವುದು. 2016ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ನರದ ಮೇಲಿನ ಒತ್ತಡ ತೆಗೆಯುವುದರ ಜೊತೆಗೆ ಮೂಳೆಗಳನ್ನು ಬೆಸೆದವರು, ಬೆಸೆಯದವರಿಗಿಂತ ಎರಡು ವರ್ಷಗಳ ಬಳಿಕ ಹೆಚ್ಚು ಸುಖವಾಗಿರಲಿಲ್ಲ. ಬೆಸೆಯುವುದಕ್ಕೆ ಸಮಯ, ರಕ್ತಸ್ರಾವ, ಖರ್ಚು ಎಲ್ಲವೂ ಹೆಚ್ಚು. ಮೂಳೆ ಅಲುಗುವಾಗ ಜಾರುತ್ತಿದ್ದರೆ ಮಾತು ಬೇರೆ. ಹುಬ್ಬಳ್ಳಿಯ ವೈದ್ಯರನ್ನು ಇದೊಂದನ್ನೇ ಕೇಳಿ: ಬಾಗಿಸಿ ಮತ್ತು ಹಿಂದಕ್ಕೆ ಒರಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಜಾರುತ್ತಿದೆಯೇ? ಇಲ್ಲವೆಂದಾದರೆ ಸ್ಕ್ರೂ ಏಕೆಂದು ಅವರೇ ವಿವರಿಸಲಿ.

ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿದರೆ ಈ ಮೂರು ತಿಂಗಳ ಲೆಕ್ಕ ಅಲ್ಲಿಗೇ ಬಿಟ್ಟು ಅಂದೇ ಹೊರಡಬೇಕು. ಹುಬ್ಬಳ್ಳಿಯೇ ನಿಮಗೆ ನೂರು ಕಿಲೋಮೀಟರ್ ದೂರ. ಬೆಳಗಾಗಲಿ ಎಂದು ಕಾಯಬೇಡಿ.

ಇನ್ನೊಬ್ಬರ ಪ್ರಶ್ನೆ: ಸರ್, ನಾವು ಅಂಕೋಲಾದವರು. 70 ವರ್ಷದ ನನ್ನ ತಾಯಿಗೆ ಬಸ್ಸು ಗುಂಡಿಗೆ ಇಳಿದಾಗ ಬೆನ್ನಿನ ನಡುವೆ ಒಮ್ಮೆಲೇ ನೋವು ಬಂದು ಹದಿನೈದು ದಿನವಾಯಿತು. ಮೇಲೆ ಹೇಳಿದ ವ್ಯಾಯಾಮ ಅವರಿಗೂ ಆಗುತ್ತದೆಯೇ?

ಉತ್ತರ: ಖಂಡಿತ ಬೇಡ. ಇದು ಸವೆದ ಮೂಳೆ ಕುಸಿದಿರುವ ಲಕ್ಷಣ. ಮುಂದಕ್ಕೆ ಬಾಗಿದರೆ ಅದು ಇನ್ನೂ ಕುಸಿಯಬಹುದು. ಮಾಲಿಶ್ ಕೂಡ ಬೇಡ. ಈ ವಾರವೇ ಎಕ್ಸ್‌ರೇ ಮಾಡಿಸಿ, ಬಳಿಕ ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಹೆಚ್ಚಿನವರಲ್ಲಿ ನೋವು ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕುಸಿದ ಮೂಳೆಗೆ ಸಿಮೆಂಟ್ ತುಂಬಿಸುವ ಸಲಹೆ ಬಂದರೆ ಅವಸರಪಡಬೇಡಿ. 2009ರ ಎರಡು ಅಧ್ಯಯನಗಳಲ್ಲಿ ಅದು ಸಿಮೆಂಟ್ ತುಂಬದೆ ಮಾಡಿದ ತೋರಿಕೆಯ ಚಿಕಿತ್ಸೆಗಿಂತ ಮೇಲೆನಿಸಲಿಲ್ಲ. ಮುಂದಿನ ಮೂಳೆ ಮುರಿಯದಂತೆ ತಡೆಯುವ ಔಷಧಿಯನ್ನು ಮಾತ್ರ ನೋವು ಹೋಯಿತೆಂದು ಬಿಡಬೇಡಿ.