ಪುಟ್ಟಿ, ಆ ಸೆಂಟನ್ನು ಯಾರಿಗೂ ಕೊಟ್ಟುಬಿಡಬೇಡ

ಪುಟ್ಟಿ, ನಿನ್ನ ಸಂದೇಶ ಕೇಳಿದೆ. ದುಬೈನಿಂದ ಭಾವ ತಂದ ಸೆಂಟು ದೇವರ ಮನೆಯ ವಾಸನೆ ಬರುತ್ತದೆ, ವಯಸ್ಸಾದವರಿಗೇ ಸರಿ, ಯಾರಿಗಾದರೂ ಕೊಟ್ಟುಬಿಡಲೇ ಎಂದು ಕೇಳಿದ್ದೀಯ. ನಮ್ಮ ಮನೆಯವರ ಗುಂಪಿನಲ್ಲಿ ಅರ್ಧ ಜನ ಆಗಲೇ ‘ಕೊಡು’ ಎಂದು ತೀರ್ಪು ಕೊಟ್ಟಾಗಿದೆ. ತುಮಕೂರಿನ ಊದುಬತ್ತಿ ಕಾರ್ಖಾನೆಯಲ್ಲಿ ಸುಗಂಧ ಬೆರೆಸಿಯೇ ಹೊಟ್ಟೆ ಹೊರೆದ ನಿನ್ನ ಚಿಕ್ಕಪ್ಪ ಸುಮ್ಮನಿರುವುದು ಹೇಗೆ? ಸ್ವಲ್ಪ ಉದ್ದವಾಗುತ್ತದೆ, ಕೆಲಸ ಮಾಡುತ್ತಲೇ ಕೇಳಿಸಿಕೊ.

ಮೊದಲನೆಯದಾಗಿ, ನಿನ್ನ ಮೂಗು ತಪ್ಪು ಹೇಳಿಲ್ಲ. ಡಬ್ಬಿಯ ಮೇಲೆ ಶ್ರೀಗಂಧ, ಬೆಂಜೋಯಿನ್, ವೆನಿಲ್ಲಾ, ಅಂಬರ್ ಎಂದಿದೆ ಎಂದೆಯಲ್ಲ. ಬೆಂಜೋಯಿನ್ ನಮ್ಮ ಸಾಂಬ್ರಾಣಿಯೇ. ಅಂಬರ್ ಒಂದೇ ವಸ್ತುವಲ್ಲ. ಸಾಂಬ್ರಾಣಿ, ವೆನಿಲ್ಲಾ, ಮೆಡಿಟರೇನಿಯನ್ ಕಡೆಯ ಒಂದು ಪೊದೆಯ ಅಂಟು ಇವನ್ನೆಲ್ಲ ಸೇರಿಸಿ ಕಟ್ಟುವ ಬೆಚ್ಚನೆಯ ಸಿಹಿ ಪರಿಮಳ. ಫ್ರಾನ್ಸಿನವರು ಈ ಬಗೆಯನ್ನು ನೂರು ವರ್ಷದಿಂದ ಮಾರುತ್ತಿದ್ದಾರೆ. ಗೆರ್ಲೆ ಕಂಪನಿಯ ‘ಶಾಲಿಮಾರ್’ 1925ರದು. ಶ್ರೀಗಂಧ, ಮಲ್ಲಿಗೆಯ ಮೇಲೆ ನಿಂತ ‘ಸಂಸಾರ’ 1989ರದು. ನಮ್ಮ ದೇವರ ಮನೆ ಅಲ್ಲಿ ಶೋಕಿ, ಇಲ್ಲಿ ನಿನಗೆ ಮುಜುಗರ!

ಈಗ ಮುಖ್ಯ ವಿಷಯ. ನೀನು ಹೊಡೆದುಕೊಂಡ ತಕ್ಷಣ ಮೂಸಿ ಮುಖ ಕಿವುಚಿದ್ದೀಯ. ಆ ಕ್ಷಣಕ್ಕೆ ಬರುವುದು ಆಲ್ಕೋಹಾಲಿನ ಘಾಟು, ಜೊತೆಗೆ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ. ಅವುಗಳ ಅಣುಗಳು ಹಗುರ, ಬೇಗ ಹಾರಿಹೋಗುತ್ತವೆ. ಗಂಧದೆಣ್ಣೆಗೆ ವಾಸನೆ ಕೊಡುವ ಸ್ಯಾಂಟಲಾಲ್, ಅಂಟುಗಳ ಸಾರ, ವೆನಿಲ್ಲಾಕ್ಕೆ ವಾಸನೆ ಕೊಡುವ ವೆನಿಲಿನ್ ಎಲ್ಲ ಭಾರ. ಚರ್ಮದ ಬಿಸಿಗೆ ನಿಧಾನವಾಗಿ ಏಳುತ್ತವೆ. ಈ ಜಾತಿಯ ಸೆಂಟಿನ ಗುಣ ತಿಳಿಯುವುದು ಒಂದು ಗಂಟೆ ಕಳೆದ ಮೇಲೆ. ಮಣಿಕಟ್ಟಿಗೆ ಹಚ್ಚಿಕೊಂಡು, ಪಾತ್ರೆ ತೊಳೆಯದೆ, ಬೇರೇನಾದರೂ ಮಾಡಿಕೊಂಡಿರು. ಆಮೇಲೆ ಮೂಸಿದರೆ ಸಿಹಿ ತಗ್ಗಿರುತ್ತದೆ, ಮರದ ಒಣ ವಾಸನೆಯ ಅಡಿಯಲ್ಲಿ ಕಾಯಿಸಿದ ಹಾಲಿನಂಥ ನುಣುಪು ಇರುತ್ತದೆ. ಗಂಧ ತೇಯ್ದ ಸಾಣೆಕಲ್ಲು ಒಣಗುವಾಗ ಬರುತ್ತದಲ್ಲ, ಅದೇ. ದುಪಟ್ಟಾದಲ್ಲಿ ಮರುದಿನವೂ ಉಳಿದಿರುತ್ತದೆ. ಹೂವಿನ ಸೆಂಟುಗಳು ಎದುರಿಗೆ ಬಂದವರಿಗೆ ನಮಸ್ಕಾರ ಹೇಳಿ ಮುಗಿಸುತ್ತವೆ. ಇದು ಪಕ್ಕದಲ್ಲಿ ಕುಳಿತವರಿಗೆ ಮಾತ್ರ. ನನಗೆ ಆ ಸಂಕೋಚವೇ ಇಷ್ಟ.

ಅದರಲ್ಲಿರುವುದು ಅಪ್ಪಟ ಶ್ರೀಗಂಧವೇ ಎಂದು ಮಾತ್ರ ನಂಬಬೇಡ. ಎಣ್ಣೆ ಇರುವುದು ಮರದ ಒಳತಿರುಳಿನಲ್ಲಿ, ಹೊರಗಿನ ಬಿಳಿ ಭಾಗಕ್ಕೆ ವಾಸನೆಯಿಲ್ಲ. ತಿರುಳು ಬಲಿಯಲು ವರ್ಷಗಟ್ಟಲೆ ಬೇಕು. ಮೇಲಾಗಿ ಅದು ಪಕ್ಕದ ಗಿಡದ ಬೇರಿಗೆ ಬೇರು ಹಾಕಿ ಬದುಕುವ ಮರ. ಅದಕ್ಕೇ ರೈತರು ಸಸಿಯ ಜೊತೆಗೆ ತೊಗರಿ ಹಾಕುವುದು. ಹೀಗಾಗಿ ಎಣ್ಣೆ ದುಬಾರಿ, ಹೆಚ್ಚಿನ ಕಂಪನಿಗಳು ಪ್ರಯೋಗಾಲಯದಲ್ಲಿ ತಯಾರಾದ ಗಂಧದ ವಾಸನೆಯನ್ನೇ ಬಳಸುತ್ತವೆ. ಅದರಿಂದ ಸೆಂಟು ಕೆಟ್ಟದ್ದೇನೂ ಆಗುವುದಿಲ್ಲ.

ಮದುವೆಗೆ ಹಾಕಿಕೊಳ್ಳಲೇ ಎಂದು ಕೇಳಿದೆಯಲ್ಲ. ಏಪ್ರಿಲ್ ಮಧ್ಯಾಹ್ನ, ಕಲ್ಯಾಣ ಮಂಟಪದ ಸೆಕೆ, ಹೆಂಗಸರೆಲ್ಲರ ತಲೆಯಲ್ಲೂ ಮಲ್ಲಿಗೆ, ಊಟದ ಮನೆಯಿಂದ ಸಾರಿನ ಘಮ: ಅಲ್ಲಿ ಈ ಸಿಹಿ ಉಸಿರುಗಟ್ಟಿಸುತ್ತದೆ. ಆರತಕ್ಷತೆಯ ರಾತ್ರಿಗೆ ಇಟ್ಟುಕೊ, ಕುತ್ತಿಗೆಯ ಬುಡಕ್ಕೆ ಒಂದೇ ಸಲ, ಸೀರೆ ಉಡುವ ಮೊದಲು. ರೇಷ್ಮೆಯ ಮೇಲೆ ಬಿದ್ದರೆ ಕಲೆ ನಿಲ್ಲುತ್ತದೆ.

ಅಕ್ಕಾ, ಸೆಂಟನ್ನು ಇಡಲು ನೀನು ಹೇಳಿದ ಆ ಕಿಟಕಿಯ ಪಕ್ಕದ ಗಾಜಿನ ಶೋಕೇಸ್ ಬೇಡ, ಬಿಸಿಲು ತಾಗುತ್ತದೆ. ಬೀರುವಿನೊಳಗಿರಲಿ. ಪುಟ್ಟಿ, ಕಾಲಕ್ರಮೇಣ ಬಣ್ಣ ಕಂದಾದರೆ ಕೆಟ್ಟಿತೆಂದು ಮತ್ತೆ ಇಲ್ಲಿ ಫೋಟೋ ಹಾಕಬೇಡ, ವೆನಿಲ್ಲಾ ಇರುವ ಸೆಂಟುಗಳು ಹಾಗೆಯೇ.